ದಾರಿ ಎಲ್ಲಿ ಕಡಿಯುತ್ತದೋ ಮೊದಲು ಅಲ್ಲಿ ನೋಡಿ

ಹೊಸ ಬಡಾವಣೆಗಳಲ್ಲಿ ನಡೆದಾಡುವ ದಾರಿ, ಸೈಕಲ್ ದಾರಿಗಳ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂತ ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆ. ಪತ್ರಗಳು ತುಂಬ ಬಂದವು. ಒಂದೇ ಥರದವನ್ನು ಸೇರಿಸಿ ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ರಸ್ತೆ ವಿನ್ಯಾಸವೇ ನನ್ನ ಕೆಲಸ, ದಿನಾ ನಕ್ಷೆಗಳ ಮಧ್ಯೆಯೇ ಇರುವವಳು. ಹಾಗಾಗಿ ಉತ್ತರಗಳಲ್ಲಿ ಅಳತೆಗಳು ಜಾಸ್ತಿ ಇವೆ. ಬೇಕೆಂದೇ ಹಾಕಿದ್ದೇನೆ. ಅಳತೆ ಗೊತ್ತಿದ್ದವರ ಮಾತನ್ನು ಸಭೆಯಲ್ಲಿ ಸುಲಭವಾಗಿ ತಳ್ಳಿಹಾಕಲು ಬರುವುದಿಲ್ಲ.

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಇನ್ನೂ ಅರ್ಧ ಸೈಟು ಖಾಲಿ ಇವೆ. ಒಂದು ಬದಿಗೆ ಮಳೆನೀರಿನ ಕಾಲುವೆ, ಇನ್ನೊಂದು ಬದಿಗೆ ಹೈಟೆನ್ಷನ್ ಲೈನ್. ಎರಡರ ಪಕ್ಕದಲ್ಲೂ ಜಾಗ ಬಿಟ್ಟಿದ್ದಾರೆ. ನಿವಾಸಿಗಳ ಸಂಘದಿಂದ ಅಲ್ಲಿ ನಡೆಯುವ ದಾರಿ, ಸೈಕಲ್ ದಾರಿ ಮಾಡಿಸಬೇಕು ಅಂತಿದ್ದೇವೆ. ಎಲ್ಲಿಂದ ಶುರು ಮಾಡಬೇಕು?

ಕಾಲುವೆಯಿಂದ ಶುರು ಮಾಡಬೇಡಿ. ಜನ ಎಲ್ಲಿಗೆ ಹೋಗುತ್ತಾರೆ ಅನ್ನುವುದರಿಂದ ಶುರು ಮಾಡಿ.

ಬಡಾವಣೆಯ ನಕ್ಷೆಯ ದೊಡ್ಡ ಪ್ರಿಂಟ್ ಒಂದು ತೆಗೆಸಿ. ಶಾಲೆ, ಬಸ್ ನಿಲ್ದಾಣ, ಅಂಗಡಿ ಸಾಲು, ಆಸ್ಪತ್ರೆ, ಆಟದ ಮೈದಾನ ಎಲ್ಲವನ್ನೂ ಗುರುತು ಮಾಡಿ. ಮನೆಗಳಿಂದ ಅಲ್ಲಿಗೆ ಗೆರೆ ಎಳೆಯಿರಿ. ಆಮೇಲೆ ಕೆಂಪು ಪೆನ್ಸಿಲ್ ತಗೊಂಡು, ಆ ಗೆರೆ ಗಾಡಿ ಓಡಾಡುವ ರಸ್ತೆಯನ್ನು ಎಲ್ಲೆಲ್ಲಿ ದಾಟುತ್ತದೋ ಅಲ್ಲೆಲ್ಲ ಒಂದೊಂದು ಸುತ್ತು ಹಾಕಿ. ನಾನು ಯಾವ ನಕ್ಷೆ ಕೈಗೆ ಬಂದರೂ ಮೊದಲು ಮಾಡುವ ಕೆಲಸ ಇದೇ. ಕಾಲುವೆ ಪಕ್ಕದ ಉದ್ದನೆಯ ದಾರಿಯನ್ನು ಯಾರು ಬೇಕಾದರೂ ಚೆನ್ನಾಗಿ ಮಾಡಬಹುದು. ಅಲ್ಲಿ ಅಡ್ಡ ಬರುವವರೇ ಇಲ್ಲ. ಜೀವ ಹೋಗುವುದು ಆ ಕೆಂಪು ಸುತ್ತುಗಳ ಒಳಗೆ. ಹಣ, ತಲೆ, ಸಮಯ ಮೂರೂ ಮೊದಲು ಅಲ್ಲಿಗೆ ಹೋಗಬೇಕು.

ಖಾಲಿ ಸೈಟುಗಳ ಮೇಲೆ ಒಂದು ಸಲ ಓಡಾಡಿ ಬನ್ನಿ. ಹುಲ್ಲು ಸವೆದು ಮಣ್ಣು ಕಾಣುವ ಕಾಲುದಾರಿಗಳು ಇರುತ್ತವೆ. ಜನ ತಮಗೆ ಬೇಕಾದ ದಾರಿಯನ್ನು ಆಗಲೇ ಗುರುತು ಮಾಡಿಟ್ಟಿದ್ದಾರೆ ಅಂತ ಅರ್ಥ. ನಾಳೆ ಅಲ್ಲಿ ಮನೆ ಎದ್ದರೆ ಆ ದಾರಿ ಮುಚ್ಚಿಹೋಗುತ್ತದೆ. ಇದು ಸಣ್ಣ ವಿಷಯ ಅಲ್ಲ. ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ಮನೆಗಳ ನಡುವೆ ಇರುವುದು ಒಂದು ಗೋಡೆ. ಆದರೆ ಈ ಮನೆಯ ಬಾಗಿಲಿಂದ ಆ ಮನೆಯ ಬಾಗಿಲಿಗೆ ಹೋಗಲು ಇಡೀ ಬಡಾವಣೆ ಸುತ್ತಬೇಕಾಗುತ್ತದೆ. ಅಲ್ಲಿಗೆ ಯಾರೂ ನಡೆದು ಹೋಗುವುದಿಲ್ಲ, ಕಾರು ತೆಗೆಯುತ್ತಾರೆ. ಕೊನೆ ಮುಚ್ಚಿದ ರಸ್ತೆಗಳ ತುದಿಯಲ್ಲಿ ನಾಲ್ಕೈದು ಮೀಟರ್ ಅಗಲದ ಪಟ್ಟಿಯನ್ನು ದಾರಿಗೆಂದು ಈಗಲೇ ನಕ್ಷೆಯಲ್ಲಿ ಬರೆಸಿ. ಮನೆ ಕಟ್ಟಿದ ಮೇಲೆ ಅದು ಯಾವ ಬೆಲೆಗೂ ಸಿಗುವುದಿಲ್ಲ. ನಿಮ್ಮಲ್ಲಿ ಅರ್ಧ ಸೈಟು ಇನ್ನೂ ಖಾಲಿ ಇರುವುದೇ ದೊಡ್ಡ ಅನುಕೂಲ, ಕೈಬಿಡಬೇಡಿ.

ಇನ್ನು ಕಾಲುವೆ ಮತ್ತು ಲೈನಿನ ಜಾಗ. ಇಂಥ ಉದ್ದನೆಯ ಪಟ್ಟಿಗಳು ನಿಜಕ್ಕೂ ಒಳ್ಳೆಯವು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕೈಬಿಟ್ಟ ರೈಲು ಮಾರ್ಗವನ್ನು 1960ರ ದಶಕದಲ್ಲೇ ಎಲ್ರಾಯ್‌ನಿಂದ ಸ್ಪಾರ್ಟಾವರೆಗೆ ಸೈಕಲ್ ದಾರಿ ಮಾಡಿದರು. ಆಮೇಲೆ ಆ ಥರದ ದಾರಿಗಳು ಆ ದೇಶದ ತುಂಬ ಬಂದವು. ಕಾಲುವೆ ನೋಡಿಕೊಳ್ಳುವವರು ಒಪ್ಪದಿದ್ದರೆ ಈ ಮಾತು ಹೇಳಿ ನೋಡಿ: ಹೂಳೆತ್ತುವ ಲಾರಿ ಬರಲು ಅವರಿಗೂ ಪಕ್ಕದಲ್ಲಿ ಗಟ್ಟಿ ದಾರಿ ಬೇಕೇ ಬೇಕು. ಮೂರು ಮೀಟರ್ ಅಗಲ, ಲಾರಿಯ ಭಾರ ತಡೆಯುವ ತಳ ಹಾಕಿದರೆ ಒಂದೇ ದಾರಿ ಇಬ್ಬರಿಗೂ ಆಗುತ್ತದೆ. ಜೋರು ಮಳೆಯಲ್ಲಿ ನೀರು ಎಲ್ಲಿಯವರೆಗೆ ಏರುತ್ತದೆ ಅಂತ ಹಳಬರನ್ನು ಕೇಳಿ, ಅದಕ್ಕಿಂತ ಮೇಲೆ ದಾರಿ ಇರಲಿ. ದಂಡೆ ಕಡಿದಾಗಿರುವಲ್ಲಿ ಕಂಬಿ ಹಾಕಿಸಿ.

ಪ್ರಶ್ನೆ: ಮಗಳಿಗೆ 11 ವರ್ಷ. ಸೈಕಲ್‌ನಲ್ಲೇ ಶಾಲೆಗೆ ಹೋಗುತ್ತೇನೆ ಅಂತ ಹಟ. ಪಾರ್ಕಿನೊಳಗೆ ಒಳ್ಳೆಯ ದಾರಿ ಇದೆ. ಆದರೆ ಅದು ನಾಲ್ಕು ಲೇನಿನ ರಸ್ತೆಗೆ ಬಂದು ನಿಂತುಬಿಡುತ್ತದೆ. ಆಚೆ ದಡದಲ್ಲಿ ಶಾಲೆ. ಜೀಬ್ರಾ ಪಟ್ಟಿ ಬಳಿದಿದ್ದಾರೆ, ಯಾರೂ ನಿಲ್ಲಿಸುವುದಿಲ್ಲ. ಕಳಿಸಲಾ, ಬೇಡವಾ?

ಆ ಜಾಗ ಈಗಿರುವ ಹಾಗೆಯೇ ಇದ್ದರೆ ಒಬ್ಬಳನ್ನೇ ಕಳಿಸಬೇಡಿ. ನಾನೂ ಕಳಿಸುವುದಿಲ್ಲ. ಆದರೆ ಅಲ್ಲಿಗೆ ಬಿಟ್ಟುಬಿಡಬೇಡಿ, ಅಲ್ಲಿ ಏನು ಆಗಬೇಕು ಅನ್ನುವುದನ್ನು ಹಿಡಿದು ಕೇಳಿ.

ಸ್ವಲ್ಪ ಲೆಕ್ಕ ಹಾಕೋಣ. ನಾಲ್ಕು ಲೇನ್ ಅಂದರೆ ಸುಮಾರು 14 ಮೀಟರ್. ಗಟ್ಟಿಮುಟ್ಟಾದವರು ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ, ಅವರಿಗೆ 12 ಸೆಕೆಂಡ್ ಬೇಕು. ನಿಧಾನವಾಗಿ, ಸೆಕೆಂಡಿಗೆ 0.8 ಮೀಟರ್ ನಡೆಯುವ ಅಜ್ಜಿಗೆ ಹದಿನೇಳೂವರೆ ಸೆಕೆಂಡ್. ಅಷ್ಟರಲ್ಲಿ 50 ಕಿಲೋಮೀಟರ್ ವೇಗದ ಕಾರು 240 ಮೀಟರಿಗೂ ಹೆಚ್ಚು ದೂರ ಬಂದಿರುತ್ತದೆ. ಅಂದರೆ ಅಜ್ಜಿ ಹೆಜ್ಜೆ ಇಡುವ ಹೊತ್ತಿಗೆ ಎರಡೂ ದಿಕ್ಕಿನಲ್ಲಿ ಏಕಕಾಲಕ್ಕೆ 240 ಮೀಟರ್ ಖಾಲಿ ಇರಬೇಕು. ಸಂತೆಯಂಥ ರಸ್ತೆಯಲ್ಲಿ ಹಾಗೆ ಖಾಲಿ ಸಿಗುವುದು ಯಾವಾಗ?

ಈಗ ರಸ್ತೆಯ ಮಧ್ಯೆ ನಿಂತುಕೊಳ್ಳಲು ಒಂದು ಕಟ್ಟೆ ಕಟ್ಟಿ. ಅಜ್ಜಿ ಒಂದು ಸಲಕ್ಕೆ ದಾಟಬೇಕಾದ್ದು 7 ಮೀಟರ್, ನೋಡಬೇಕಾದ್ದು ಒಂದೇ ದಿಕ್ಕು, ಖಾಲಿ ಬೇಕಾದ್ದು 120 ಮೀಟರ್. ಅರ್ಧ ದಾಟಿ ನಿಂತು, ಉಸಿರು ತಗೊಂಡು, ಇನ್ನರ್ಧ ನೋಡಿಕೊಂಡು ಹೋಗಬಹುದು. ಕಟ್ಟೆಯ ಅಗಲ ಕನಿಷ್ಠ 2 ಮೀಟರ್ ಇರಲಿ. ಸೈಕಲ್ಲಿನ ಉದ್ದವೇ ಸುಮಾರು 1.8 ಮೀಟರ್. ಕಟ್ಟೆ ಚಿಕ್ಕದಾದರೆ ನಿಮ್ಮ ಮಗಳ ಹಿಂದಿನ ಚಕ್ರ ರಸ್ತೆಯಲ್ಲೇ ಉಳಿಯುತ್ತದೆ. ಜಾಗ ಇದ್ದರೆ 3 ಮೀಟರ್ ಕೇಳಿ. ಕಟ್ಟೆಯ ನಡುವೆ ದಾರಿ ರಸ್ತೆಯ ಮಟ್ಟಕ್ಕೇ ಇರಬೇಕು, ಸೈಕಲ್ ಎತ್ತಿ ಇಳಿಸುವಂತಾಗಬಾರದು.

ಇದಾದ ಮೇಲೆ ವೇಗ. ಗಾಡಿ ಓಡಿಸುವವರಿಗೆ ಅಪಾಯ ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡ್ ಹಿಡಿಯುತ್ತದೆ ಅಂದುಕೊಳ್ಳೋಣ. ಒಣ ರಸ್ತೆಯಲ್ಲಿ, 30ರ ವೇಗದ ಕಾರು ಒಟ್ಟು 13 ಮೀಟರಿನಲ್ಲಿ ನಿಲ್ಲುತ್ತದೆ. 50ರ ಕಾರು ಆ ಒಂದು ಸೆಕೆಂಡಿನಲ್ಲೇ 14 ಮೀಟರ್ ಬಂದಿರುತ್ತದೆ, ಅಂದರೆ 13 ಮೀಟರ್ ದೂರದಲ್ಲಿ ಮಗು ಇದ್ದರೆ ಬ್ರೇಕ್ ಹಿಡಿಯುವುದೇ ಅದನ್ನು ದಾಟಿದ ಮೇಲೆ. 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ರಸ್ತೆ ಸುರಕ್ಷತೆ ಸಮ್ಮೇಳನದಲ್ಲಿ, ನಡೆಯುವವರು, ಸೈಕಲ್‌ನವರು ಗಾಡಿಗಳ ಜತೆ ಬೆರೆಯುವ ಕಡೆ 30 ಕಿಲೋಮೀಟರ್ ಮಿತಿ ಇರಬೇಕು ಅಂತ ದೇಶಗಳು ಒಪ್ಪಿಕೊಂಡವು. ಅದೇ ವರ್ಷ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯೂ ಅದನ್ನು ಎತ್ತಿಹಿಡಿಯಿತು. ಆದರೆ ಬರೀ ಬೋರ್ಡು ನೆಟ್ಟರೆ ಯಾರೂ ನಿಧಾನ ಮಾಡುವುದಿಲ್ಲ. ದಾಟುವ ಜಾಗವನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತಿ ಕಟ್ಟಬೇಕು. ಗಾಡಿ ಹತ್ತಿ ಇಳಿಯಬೇಕು, ಮಗು ಸಮತಟ್ಟಾಗಿ ಹೋಗಬೇಕು. ಅಷ್ಟಕ್ಕೂ ಗಾಡಿ ದಟ್ಟಣೆ ಜಾಸ್ತಿ ಇದ್ದರೆ ಸಿಗ್ನಲ್ಲೇ ಬೇಕು.

ಇದನ್ನೆಲ್ಲ ಕೇಳುವವರು ಯಾರು ಅನ್ನಿಸಬಹುದು. ನೆದರ್ಲೆಂಡ್ಸ್‌ನಲ್ಲಿ ಕೇಳಿದ್ದು ತಂದೆತಾಯಂದಿರೇ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ‘ಮಕ್ಕಳ ಕೊಲೆ ನಿಲ್ಲಿಸಿ’ ಅನ್ನುವ ಹೆಸರಿನಲ್ಲೇ ಜನ ಚಳವಳಿ ಕಟ್ಟಿದರು, ಬೀದಿಗಿಳಿದು ಕೂತರು. ಇವತ್ತು ಅಲ್ಲಿನ ಸೈಕಲ್ ದಾರಿಗಳನ್ನು ಪ್ರಪಂಚವೇ ಹೋಗಿ ನೋಡುತ್ತದೆ. ಜನಸಂಖ್ಯೆ, ಗಾಡಿ ಎರಡೂ ಏರಿದ್ದರೂ ರಸ್ತೆ ಸಾವುಗಳು ಈಗ ವರ್ಷಕ್ಕೆ 700ರ ಆಸುಪಾಸಿಗೆ ಇಳಿದಿವೆ. ಆ ದೇಶದವರು ಹುಟ್ಟಾ ಸೈಕಲ್ ಪ್ರಿಯರು, ನಮಗದು ಆಗದು ಅಂತ ಯಾರಾದರೂ ಅಂದರೆ ಈ ಕಥೆ ಹೇಳಿ.

ಕೆಲಸ ಆಗುವವರೆಗೆ? ದೂರವಾದರೂ ಸಿಗ್ನಲ್ ಇರುವ ಕಡೆಯಿಂದ ಹೋಗಲಿ. ದಾಟುವಾಗ ಇಳಿದು ತಳ್ಳಿಕೊಂಡು ಹೋಗಲಿ. ಅಕ್ಕಪಕ್ಕದ ಮಕ್ಕಳನ್ನೂ ಸೇರಿಸಿ, ಬೆಳಿಗ್ಗೆ ಯಾರಾದರೊಬ್ಬ ದೊಡ್ಡವರು ಸರದಿಯ ಮೇಲೆ ಜತೆಗೆ ಹೋಗುವ ಹಾಗೆ ಮಾಡಿಕೊಳ್ಳಿ. ಗುಂಪು ದೂರದಿಂದಲೇ ಕಣ್ಣಿಗೆ ಬೀಳುತ್ತದೆ.

ಪ್ರಶ್ನೆ: ನನಗೆ ಮಂಡಿ ನೋವು, ಕೋಲು ಹಿಡಿದೇ ವಾಕಿಂಗ್ ಹೋಗುತ್ತೇನೆ. ಹೊಸ ದಾರಿಯಲ್ಲಿ ಸೈಕಲ್‌ನವರು ಹಿಂದಿನಿಂದ ಸದ್ದಿಲ್ಲದೆ ಬಂದು ಪಕ್ಕಕ್ಕೇ ಸವರಿಕೊಂಡು ಹೋಗುತ್ತಾರೆ. ಎದೆ ಹಾರುತ್ತದೆ. ನಡೆಯುವವರಿಗೂ ಸೈಕಲ್‌ನವರಿಗೂ ಒಂದೇ ದಾರಿ ಸರಿಯಾ?

ನಿಮ್ಮ ಭಯ ನೂರಕ್ಕೆ ನೂರು ಸರಿ. ದಯವಿಟ್ಟು ವಾಕಿಂಗ್ ಮಾತ್ರ ಬಿಡಬೇಡಿ.

ಜನ ಕಡಿಮೆ ಇರುವ ಕಡೆ 3 ಮೀಟರ್ ಅಗಲದ ಒಂದೇ ದಾರಿ ಇಬ್ಬರಿಗೂ ನಡೆಯುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಜಗಳ ಖಾತ್ರಿ. ಇಬ್ಬರು ಮಾತಾಡಿಕೊಂಡು ನಡೆದರೆ ಒಂದೂವರೆ ಮೀಟರ್ ಹೋಯಿತು. ಸೈಕಲ್ ಅಲ್ಲಾಡುತ್ತಾ ಹೋಗುವುದರಿಂದ ಅದಕ್ಕೆ ಒಂದು ಮೀಟರಿಗಿಂತ ಜಾಸ್ತಿ ಬೇಕು. ಪಕ್ಕದಲ್ಲಿ ಗೋಡೆಯೋ ಬೇಲಿಯೋ ಇದ್ದರೆ ಯಾರೂ ಅದಕ್ಕೆ ಅಂಟಿಕೊಂಡು ಹೋಗುವುದಿಲ್ಲ, ಆ ಬದಿಯಲ್ಲಿ ಅರ್ಧ ಮೀಟರ್ ದಾರಿ ಇದ್ದೂ ಇಲ್ಲದ ಹಾಗೆ. ಬೆಳಿಗ್ಗೆ, ಸಂಜೆ ತುಂಬುವ ದಾರಿಯಾದರೆ ಬೇರೆ ಮಾಡಲೇಬೇಕು. ನಡೆಯುವವರಿಗೆ 2 ಮೀಟರ್, ಸೈಕಲ್‌ಗೆ ಎರಡೂ ದಿಕ್ಕು ಸೇರಿ 3 ಮೀಟರ್. ನಡುವೆ ಬರೀ ಬಿಳಿ ಗೆರೆ ಎಳೆದರೆ ಸಾಲದು. ಗೆರೆ ಕಣ್ಣಿಗಷ್ಟೇ, ಕಾಲಿಗೆ ಗೊತ್ತಾಗುವುದಿಲ್ಲ. ಹುಲ್ಲಿನ ಪಟ್ಟಿ ಇರಲಿ, ಇಲ್ಲವೇ ನಡೆಯುವ ಭಾಗ ಸ್ವಲ್ಪ ಎತ್ತರದಲ್ಲಿರಲಿ. ಕಣ್ಣು ಕಾಣದವರಿಗೂ ಅದರಿಂದ ಸಹಾಯ. ಅವರಿಗಾಗಿ ಹಾಕುವ ಉಬ್ಬು ಗೆರೆ, ಉಬ್ಬು ಚುಕ್ಕೆಗಳ ಹಳದಿ ಟೈಲ್ಸ್ ನೋಡಿರುತ್ತೀರಿ. ಅದನ್ನು 1965ರಲ್ಲಿ ಕಂಡುಹಿಡಿದವರು ಜಪಾನಿನ ಸೆಯಿಚಿ ಮಿಯಾಕೆ. 1967ರಲ್ಲಿ ಒಕಾಯಾಮಾದಲ್ಲಿ ಅಂಧರ ಶಾಲೆಯ ಹತ್ತಿರದ ರಸ್ತೆಯಲ್ಲಿ ಮೊದಲು ಹಾಕಿದರು. ದಾಟುವ ಜಾಗ ಬಂತು, ನಿಲ್ಲಿ ಅಂತ ಹೇಳುವ ಚುಕ್ಕೆ ಟೈಲ್ಸನ್ನು ಎಷ್ಟೋ ಕಡೆ ಸುಮ್ನೆ ಅಂದಕ್ಕೆ ಹಾಕುತ್ತಾರೆ, ಸಾಲು ನೇರ ಹೋಗಿ ಕಂಬಕ್ಕೆ ಗುದ್ದುತ್ತದೆ. ಇದನ್ನು ನೋಡಿದಾಗೆಲ್ಲ ನನಗೆ ತಡೆಯಲಾರದ ಸಿಟ್ಟು ಬರುತ್ತದೆ.

ನಿಮ್ಮ ಮಂಡಿಗೆ ಇನ್ನೆರಡು ಮಾತು. ಏರು 20 ಮೀಟರಿಗೆ ಒಂದು ಮೀಟರಿಗಿಂತ ಜಾಸ್ತಿ ಇರಬಾರದು. ನೀರು ಹರಿಯಲೆಂದು ದಾರಿಯನ್ನು ಪಕ್ಕಕ್ಕೆ ವಾಲಿಸುತ್ತಾರಲ್ಲ, ಅದು ನೂರಕ್ಕೆ ಎರಡು ದಾಟಬಾರದು. 3 ಮೀಟರ್ ಅಗಲದ ದಾರಿಗೆ 6 ಸೆಂಟಿಮೀಟರ್. ಅದಕ್ಕಿಂತ ವಾಲಿದರೆ ಒಂದೇ ಕಾಲಿನ ಮೇಲೆ ಭಾರ ಬೀಳುತ್ತದೆ, ವೀಲ್‌ಚೇರ್ ಪಕ್ಕಕ್ಕೆ ಎಳೆಯುತ್ತದೆ. ಕೂರಲು ಬೆಂಚುಗಳನ್ನು ಕೇಳಿ, ಕೈ ಊರಿ ಏಳಲು ಆಗುವ ಹಾಗೆ ಪಕ್ಕದಲ್ಲಿ ಹಿಡಿ ಇರುವಂಥದ್ದು.

ಪ್ರಶ್ನೆ: ನಮ್ಮ ದಾರಿಗೆ ಮೋಟರ್ ಬೈಕುಗಳು ನುಗ್ಗುತ್ತವೆ. ಬಾಯಲ್ಲಿ ಕಬ್ಬಿಣದ ಕಂಬ ನೆಡಿಸೋಣ ಅಂತಿದ್ದೇವೆ. ಎಷ್ಟು ಹತ್ತಿರ ನೆಡಬೇಕು?

ವೀಲ್‌ಚೇರ್ ಹೋಗುವ ಸಂದಿಯಲ್ಲಿ ಬೈಕೂ ಹೋಗುತ್ತದೆ. ಬೈಕ್ ಹೋಗದಷ್ಟು ಹತ್ತಿರ ನೆಟ್ಟರೆ ವೀಲ್‌ಚೇರ್, ಮಗುವಿನ ತಳ್ಳುಗಾಡಿ, ಮೂರು ಚಕ್ರದ ಸೈಕಲ್ ಎಲ್ಲವೂ ಹೊರಗೆ. ಇದಕ್ಕೆ ಯಾವ ಅಳತೆಯಲ್ಲೂ ಪರಿಹಾರ ಇಲ್ಲ. ಕಂಬ ತಡೆಯುವುದು ಕಾರನ್ನು ಮಾತ್ರ. ಕಾರು ನುಗ್ಗುವ ತೊಂದರೆ ನಿಜಕ್ಕೂ ಇದ್ದರೆ ಒಂದೂವರೆ ಮೀಟರ್ ಸಂದಿ ಬಿಟ್ಟು ನೆಡಿಸಿ. ಕಂಬಕ್ಕೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಅಂಟಿಸಿ, ಅದಕ್ಕೆ ಮೊದಲೇ ನೆಲದ ಮೇಲೆ ಗೆರೆ ಬಳಿಸಿ. ಮುಂದಿನ ಸೈಕಲ್‌ನ ಮರೆಯಲ್ಲಿ ಬರುವವರಿಗೆ ಕಂಬ ಕಾಣುವುದೇ ಇಲ್ಲ, ನೇರ ಗುದ್ದುತ್ತಾರೆ.

ಬೈಕಿನವರು ಬರುವುದು ಅಲ್ಲಿ ಒಳದಾರಿ ಸಿಗುತ್ತದೆ ಅಂತ. ಅವರು ಎಲ್ಲಿ ಒಳಗೆ ಬಂದು ಎಲ್ಲಿ ಹೊರಗೆ ಹೋಗುತ್ತಾರೆ ಅಂತ ನೋಡಿ. ಮುಖ್ಯ ರಸ್ತೆಯ ಒಂದು ಸಿಗ್ನಲ್ ಅಥವಾ ಸುತ್ತು ತಪ್ಪಿಸಿಕೊಳ್ಳಲು ಹಾಗೆ ಮಾಡುತ್ತಿರಬಹುದು. ಆ ಸುತ್ತನ್ನು ಸರಿಮಾಡಿದರೆ ಅರ್ಧ ತೊಂದರೆ ಹೋಗುತ್ತದೆ. ಉಳಿದರ್ಧಕ್ಕೆ ಪೊಲೀಸರ ದಂಡ ಬೇಕು, ದಾರಿಯ ಮೇಲೆ ಜನ ಬೇಕು. ಜನ ತುಂಬಿದ ದಾರಿಯಲ್ಲಿ ಬೈಕ್ ಓಡಿಸಿ ಸಮಯ ಉಳಿಸಲು ಆಗುವುದಿಲ್ಲ.

ಪ್ರಶ್ನೆ: ನಮ್ಮ ಹಿತ್ತಲ ಕಾಂಪೌಂಡಿನ ಪಕ್ಕದಲ್ಲೇ ದಾರಿ ಬರುತ್ತದಂತೆ. ಕಳ್ಳರಿಗೆ ನಾವೇ ಬಾಗಿಲು ತೆರೆದ ಹಾಗಲ್ವಾ?

ಹೇಗೆ ಕಟ್ಟುತ್ತಾರೆ ಅನ್ನುವುದರ ಮೇಲಿದೆ. ಎರಡು ಕಡೆ ಎತ್ತರದ ಗೋಡೆ, ನಡುವೆ ಉದ್ದನೆಯ ಕಿರಿದಾದ ಓಣಿ, ಮಧ್ಯೆ ಎಲ್ಲೂ ಹೊರಬರಲು ದಾರಿ ಇಲ್ಲ: ಇದನ್ನು ನಾನೂ ಬೇಡ ಅನ್ನುತ್ತೇನೆ. ಅಲ್ಲಿ ನಡೆಯುವ ಹೆಣ್ಣುಮಗಳಿಗೂ ಭಯ, ನಿಮಗೂ ಭಯ. ಅದೇ ದಾರಿ ಅಗಲವಾಗಿದ್ದು, ಇನ್ನೂರು ಮುನ್ನೂರು ಮೀಟರಿಗೊಂದು ಕಡೆ ರಸ್ತೆಗೆ ತೆರೆದುಕೊಂಡಿದ್ದು, ಒಂದು ತುದಿಯಿಂದ ದೂರದವರೆಗೆ ಕಾಣುವಂತಿದ್ದರೆ ಮಾತೇ ಬೇರೆ. ಈಗ ನಿಮ್ಮ ಹಿತ್ತಲ ಹಿಂದಿನ ಆ ಪೊದೆ ತುಂಬಿದ ಜಾಗವನ್ನು ಯಾರೂ ನೋಡುತ್ತಿಲ್ಲ. ನಾಳೆ ನೋಡುವವರು ಇರುತ್ತಾರೆ.

ನಿಮ್ಮ ಕಾಂಪೌಂಡಿನ ಮೇಲರ್ಧ ಗೋಡೆ ಬದಲು ಜಾಲರಿ ಅಥವಾ ಕಂಬಿಯದಾಗಿರಲಿ. ನಿಮಗೆ ದಾರಿ ಕಾಣಬೇಕು, ದಾರಿಯವರಿಗೆ ಗೋಡೆ ಹತ್ತುವವನು ಕಾಣಬೇಕು. ದಾರಿ ಪಕ್ಕದ ಗಿಡ ಮಂಡಿಯ ಎತ್ತರ ಮೀರಬಾರದು, ಮರದ ಕೊಂಬೆಗಳು ತಲೆಗಿಂತ ಮೇಲೆ, ಎರಡೂವರೆ ಮೀಟರಿನಿಂದಾಚೆ ಶುರುವಾಗಲಿ. ದೀಪದ ಕಂಬ ನಾಲ್ಕೈದು ಮೀಟರ್ ಎತ್ತರ ಸಾಕು, ಬೆಳಕು ನೆಲಕ್ಕೆ ಬೀಳಲಿ, ನಿಮ್ಮ ಮಲಗುವ ಕೋಣೆಗಲ್ಲ. ಒಂದು ಕಂಬದ ಕೆಳಗೆ ಕಣ್ಣು ಕುಕ್ಕುವಷ್ಟು, ಮುಂದಿನ ಕಂಬದವರೆಗೆ ಕತ್ತಲೆ ಅನ್ನುವಂತೆ ಇಟ್ಟರೆ ಪ್ರಯೋಜನವಿಲ್ಲ. ಮಂದವಾದರೂ ಉದ್ದಕ್ಕೂ ಒಂದೇ ಸಮ ಇರಬೇಕು. ಹಿತ್ತಲಿಗೆ ಒಂದು ಸಣ್ಣ ಗೇಟ್ ಇಡಿಸಿಕೊಳ್ಳಿ, ಬೀಗ ನಿಮ್ಮದೇ. ಆ ದಾರಿಯನ್ನು ಮನೆಯಲ್ಲಿ ಮೊದಲು ಬಳಸುವವರು ನೀವೇ ಆಗುತ್ತೀರಿ.

ಪ್ರಶ್ನೆ: ನಾನು ಸ್ಥಳೀಯ ಆಡಳಿತದ ಸದಸ್ಯ. ಸೈಕಲ್ ದಾರಿಗೆ ಹಣ ಕೇಳಿದರೆ, ‘ಇಲ್ಲಿ ಸೈಕಲ್ ಹೊಡೆಯುವವರೇ ಇಲ್ಲ, ಮಾಡಿದರೂ ಯಾರೂ ಬರುವುದಿಲ್ಲ’ ಅನ್ನುತ್ತಾರೆ. ಏನು ಹೇಳಲಿ?

ಸೇತುವೆ ಬೇಕಾ ಅಂತ ತೀರ್ಮಾನಿಸಲು ಹೊಳೆಯಲ್ಲಿ ಈಜಿ ಬರುವವರನ್ನು ಎಣಿಸುತ್ತಾರಾ? ಇಷ್ಟು ಮೊದಲು ಕೇಳಿ. ಆಮೇಲೆ ಮೂರು ಊರಿನ ವಿಷಯ ಹೇಳಿ.

ಇಂಗ್ಲೆಂಡಿನ ಸ್ಟೀವನೇಜ್. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ ಅಲ್ಲಿ ಮೊದಲ ಹೊಸ ಪಟ್ಟಣ ಕಟ್ಟಲು ಜಾಗ ಗೊತ್ತು ಮಾಡಿದರು. ಎರಿಕ್ ಕ್ಲಾಕ್ಸ್‌ಟನ್ ಅನ್ನುವ ಎಂಜಿನಿಯರ್ ಮುತುವರ್ಜಿಯಿಂದ ಊರಿನ ತುಂಬ ಪ್ರತ್ಯೇಕ ಸೈಕಲ್ ದಾರಿ, ದೊಡ್ಡ ರಸ್ತೆಗಳ ಅಡಿಯಲ್ಲಿ ಹಾಯುವ ಸುರಂಗ ಮಾಡಿಸಿದರು. ಅವರ ಕೆಲಸ ಇವತ್ತಿಗೂ ನೋಡುವಂತಿದೆ. ಆದರೂ ಅಲ್ಲಿ ಸೈಕಲ್ ಹೊಡೆಯುವವರು ಕಡಿಮೆಯಾಗುತ್ತಾ ಹೋದರು. ಯಾಕೆಂದರೆ ಅದೇ ಊರಿನಲ್ಲಿ ಕಾರಿಗೂ ಅಗಲ ರಸ್ತೆ, ಸಲೀಸು ಓಟ. ಎಲ್ಲಿಗೆ ಹೋಗಬೇಕಾದರೂ ಕಾರೇ ಬೇಗ.

ನೆದರ್ಲೆಂಡ್ಸ್‌ನ ಹೌಟೆನ್. ಉಟ್ರೆಕ್ಟ್ ನಗರದ ಪಕ್ಕದ ಸಣ್ಣ ಹಳ್ಳಿ ಅದು. 1960ರ ದಶಕದ ಕೊನೆಗೆ ಅದನ್ನು ಬೆಳೆಸಲು ರಾಬ್ ಡರ್ಕ್ಸ್ ನಕ್ಷೆ ಹಾಕಿದರು. ಈಗ ಸುಮಾರು 50,000 ಜನರಿದ್ದಾರೆ. ಊರಿನ ಸುತ್ತ ಒಂದು ರಿಂಗ್ ರಸ್ತೆ. ಒಂದು ಕೇರಿಯಿಂದ ಇನ್ನೊಂದಕ್ಕೆ ಕಾರಿನಲ್ಲಿ ಹೋಗಬೇಕಾದರೆ ರಿಂಗ್ ರಸ್ತೆಗೆ ಹೋಗಿ ಸುತ್ತಿ ಬರಬೇಕು. ಸೈಕಲ್ ಮತ್ತು ಕಾಲ್ನಡಿಗೆಗೆ ಮಾತ್ರ ಊರ ಮಧ್ಯದಲ್ಲೇ ನೇರ ದಾರಿ. ಶಾಲೆಗಳು ಆ ದಾರಿಯ ಪಕ್ಕದಲ್ಲೇ ಇವೆ. ಕಾರನ್ನು ಯಾರೂ ನಿಷೇಧಿಸಲಿಲ್ಲ, ಹತ್ತಿರದ ಕೆಲಸಕ್ಕೆ ಸೈಕಲ್ಲೇ ಬೇಗ ಅನ್ನಿಸಿತು. ಬೆಳೆಯುವ ಬಡಾವಣೆಯವರು ಮೊದಲು ಈ ಊರಿನ ನಕ್ಷೆ ನೋಡಬೇಕು. ಇಂಥದ್ದನ್ನು ಬೆಳೆಯುವ ಕಾಲದಲ್ಲಿ ಕಡಿಮೆ ಖರ್ಚಿನಲ್ಲಿ ಮಾಡಬಹುದು, ಊರು ಬೆಳೆದುಬಿಟ್ಟ ಮೇಲೆ ತುಂಬ ಕಷ್ಟ.

ಮೂರನೆಯದು ಸ್ಪೇನ್‌ನ ಸೆವಿಲ್. ಅದು ಹಳೇ ಊರು, ಬಿಸಿಲೂ ಜೋರು. 2006ರಲ್ಲಿ ಕೆಲಸ ಶುರು ಮಾಡಿ, ಅಲ್ಲಿಷ್ಟು ಇಲ್ಲಿಷ್ಟು ಅಂತ ತುಂಡು ತುಂಡಾಗಿ ಹಾಕದೆ, ಒಂದಕ್ಕೊಂದು ಕೂಡಿಕೊಂಡ ಸುಮಾರು 80 ಕಿಲೋಮೀಟರ್ ದಾರಿಯನ್ನು ಬೇಗಬೇಗ ಮುಗಿಸಿದರು. ಮೊದಲು ಹೆಚ್ಚುಕಡಿಮೆ ಇಲ್ಲವೇ ಇಲ್ಲ ಅನ್ನುವಂತಿದ್ದ ಸೈಕಲ್ ಓಡಾಟ ಕೆಲವೇ ವರ್ಷಗಳಲ್ಲಿ ಹಲವು ಪಟ್ಟು ಏರಿತು.

ನಿಮಗೆ ಸಿಗುವ ಹಣ ಕಡಿಮೆ ಇದ್ದರೆ ಐದು ಕಡೆ ಚೂರು ಚೂರು ಹಂಚಬೇಡಿ. ಮನೆ ಬಾಗಿಲಿಂದ ಶಾಲೆ ಬಾಗಿಲವರೆಗೆ ಒಂದೇ ಒಂದು ದಾರಿಯನ್ನು ಪೂರ್ತಿ ಮಾಡಿ. ಮಧ್ಯದ ಎಲ್ಲ ಕೆಂಪು ಸುತ್ತುಗಳೂ ಅದರಲ್ಲಿ ಸೇರಿರಲಿ. ನಿಮ್ಮ ಸಭೆಯಲ್ಲಿ ಇನ್ನೊಂದು ಅಂಕಿಯನ್ನೂ ಇಡಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಪ್ರಪಂಚದ ರಸ್ತೆಗಳಲ್ಲಿ ವರ್ಷಕ್ಕೆ ಸುಮಾರು 11 ಲಕ್ಷ 90 ಸಾವಿರ ಜನ ಸಾಯುತ್ತಾರೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ನಡೆಯುವವರು, ಸೈಕಲ್‌ನವರು, ಮೋಟರ್ ಬೈಕಿನವರು.

ಪ್ರಶ್ನೆ: ದಾರಿ ಕಟ್ಟಿ ಮುಗಿಯುತ್ತಾ ಬಂದಿದೆ. ಒಪ್ಪಿಸಿಕೊಳ್ಳುವ ಮೊದಲು ಸಂಘದವರು ಏನೇನು ನೋಡಬೇಕು?

ಕಾರಿನಲ್ಲಿ ಹೋಗಿ ನೋಡಬೇಡಿ. ಒಬ್ಬರು ಸೈಕಲ್ ತನ್ನಿ, ಒಬ್ಬರು ಮಗುವಿನ ತಳ್ಳುಗಾಡಿ ತನ್ನಿ, ಸಾಧ್ಯವಾದರೆ ವೀಲ್‌ಚೇರ್ ಬಳಸುವ ಯಾರನ್ನಾದರೂ ಕರೆಯಿರಿ. ಒಂದು ಸಲ ಮಳೆ ನಿಂತ ಕೂಡಲೇ ಹೋಗಿ, ಎಲ್ಲಿ ನೀರು ನಿಂತಿದೆ ಗೊತ್ತಾಗುತ್ತದೆ. ಒಂದು ಸಲ ಕತ್ತಲಾದ ಮೇಲೆ ಹೋಗಿ.

ಚರಂಡಿ ಜಾಲರಿಗಳನ್ನು ಬಗ್ಗಿ ನೋಡಿ. ಅದರ ಪಟ್ಟಿಗಳು ದಾರಿಯ ಉದ್ದಕ್ಕೆ ಮಲಗಿದ್ದರೆ ಸೈಕಲ್ಲಿನ ತೆಳು ಚಕ್ರ ಸಂದಿಗೆ ಇಳಿದು ಹಿಡಿದುಕೊಳ್ಳುತ್ತದೆ. ಹೊಡೆಯುತ್ತಿದ್ದವರು ಹ್ಯಾಂಡಲ್ ಮೇಲಿಂದ ಮುಂದಕ್ಕೆ ಹಾರಿ ಬೀಳುತ್ತಾರೆ. ಜಾಲರಿ ಚೌಕವಾಗಿದ್ದರೆ ಕಿತ್ತು ಅಡ್ಡಕ್ಕೆ ತಿರುಗಿಸಿ ಕೂರಿಸಿದರೆ ಆಯಿತು, ಅಷ್ಟೇ ಕೆಲಸ. ಉದ್ದುದ್ದ ಇದ್ದು ತಿರುಗಿಸಲು ಆಗದಿದ್ದರೆ ಮೇಲೆ ಅಡ್ಡ ಪಟ್ಟಿಗಳನ್ನು ವೆಲ್ಡ್ ಮಾಡಿಸಿ. ಮ್ಯಾನ್‌ಹೋಲ್ ಮುಚ್ಚಳ ದಾರಿಯ ಮಟ್ಟಕ್ಕೇ ಇರಬೇಕು. ದಾರಿ ಇಳಿಜಾರಾಗಿ ರಸ್ತೆಗೆ ಸೇರುವ ಕಡೆ ಒಂದಿಂಚು ಮೆಟ್ಟಿಲೂ ಉಳಿದಿರಬಾರದು, ವೀಲ್‌ಚೇರಿನ ಮುಂದಿನ ಸಣ್ಣ ಚಕ್ರ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮನೆ, ಅಂಗಡಿಗಳ ಗೇಟಿನ ಮುಂದೆ ದಾರಿ ತಗ್ಗಬಾರದು. ಗಾಡಿಯೇ ಹತ್ತಿ ಬರಲಿ.

ಕಂಡ ತಪ್ಪುಗಳ ಫೋಟೋ ತೆಗೆದು, ಜಾಗದ ಗುರುತು ಬರೆದು, ಬಿಲ್ ಪಾಸಾಗುವ ಮೊದಲೇ ಕೊಡಿ. ಜತೆಗೆ ಹುಲ್ಲು ಕತ್ತರಿಸುವುದು, ಬಲ್ಬ್ ಬದಲಿಸುವುದು, ಬೇರು ಎತ್ತಿದ ಚಪ್ಪಡಿ ಕೂರಿಸುವುದು ಯಾರ ಕೆಲಸ, ಎಷ್ಟು ದಿನದೊಳಗೆ ಅನ್ನುವುದನ್ನೂ ಅದೇ ಕಾಗದದಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ.